ಎಡಗಿವಿ, ಬಲಗಿವಿ

ಆಫೀಸಿನ ಮಾತು ಹೊಸ್ತಿಲು ದಾಟಿ ಒಳಗೆ ಬರಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆಯಾಗಿತ್ತು. ನಾನು ಹೊಳೆಯ ಈ ದಡದ ನಗರಸಭೆಯಲ್ಲಿ ಪಶುವೈದ್ಯೆ, ನನ್ನ ಗಂಡ ಆ ದಡದ ನಗರಸಭೆಯಲ್ಲಿ ಪಶುವೈದ್ಯ. ನಡುವೆ ಒಂದು ಸೇತುವೆ. ಮದುವೆಯಾದ ಹೊಸದರಲ್ಲಿ ಯಾರ ಊರಿನ ಬೀದಿನಾಯಿ ಯಾರ ಊರಿಗೆ ನುಗ್ಗುತ್ತಿದೆ ಎಂದು ಜಗಳ ಹತ್ತಿಕೊಂಡಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ನಮ್ಮದು ಉಂಡು, ಮಲಗಿ, ಎದ್ದು, ಹಲ್ಲುಜ್ಜಿದ ಮೇಲೂ ಮುಗಿದಿರಲಿಲ್ಲ. ಆಗ ಮಾಡಿಕೊಂಡ ಕಟ್ಟಳೆ ಅದು. ಅದರಿಂದ ಮನೆಯಲ್ಲಿ ನೆಮ್ಮದಿಯೂ ಇತ್ತು.

ನಾಯಿಗಳ ಸಂಗತಿ ಎರಡೂ ದಡದವರಿಗೆ ಗೊತ್ತಿದ್ದದ್ದೇ. ಜನರ ದೂರು ಜಾಸ್ತಿಯಾದಾಗ ಮೇಲಿನವರು ಬಾಯಿಮಾತಿನಲ್ಲಿ ಹೇಳುತ್ತಿದ್ದರು, ವ್ಯಾನಿನವರು ಬೆಳಕು ಹರಿಯುವ ಮೊದಲು ಒಂದಷ್ಟನ್ನು ಸೇತುವೆಯ ಆಚೆ ಇಳಿಸಿ ಬರುತ್ತಿದ್ದರು. ಆಚೆಯವರೂ ಅಷ್ಟೇ. ತಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವ ಜನ ಎರಡು ಕಡೆಯೂ ಇದ್ದರು. ನಮ್ಮ ವ್ಯಾನಿನ ಡ್ರೈವರನ್ನು ಇಡೀ ಆಫೀಸು ಮಾವ ಎಂದು ಕರೆಯುತ್ತಿತ್ತು. ಮಾವ ಖಾಲಿ ವ್ಯಾನು ತೊಳೆಯುವುದನ್ನು ನೋಡಿದರೂ ನಾನು ಕಂಡೂ ಕಾಣದವಳ ಹಾಗೆ ಇರುತ್ತಿದ್ದೆ. ನನ್ನ ಕೆಲಸ ಮೇಜಿನ ಮೇಲೆ: ಸಂತಾನಹರಣ ಮಾಡುವುದು, ಹುಚ್ಚುನಾಯಿ ರೋಗದ ಲಸಿಕೆ ಹಾಕುವುದು, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿ ಬಿಡುವುದು.

ಒಂದು ದಿನ ಕಂದು ಬಣ್ಣದ ಹೆಣ್ಣುನಾಯಿಯೊಂದು ಬಂತು. ಪಂಜರದಿಂದ ತಾನೇ ಇಳಿದು, ತಾನೇ ನಡೆದು, ತಕ್ಕಡಿಯ ಮೇಲೆ ನಿಂತಿತು.

"ಏನು ಗತ್ತು ನೋಡಿ ಇದರದ್ದು! ಯಜಮಾನಿ ಬಂದಂಗೆ ಬಂತು," ಎಂದರು ಮಾವ. ಅಂದಿನಿಂದ ಅವಳ ಹೆಸರು ಯಜಮಾನಿ ಎಂದೇ ಆಯಿತು.

ಅವಳ ಬಲಗಿವಿಯ ತುದಿ ಹರಿದಿತ್ತು. ಬೇರೆ ನಾಯಿ ಕಚ್ಚಿರಬೇಕು ಅಂದುಕೊಂಡೆ. ಅರಿವಳಿಕೆ ಕೊಟ್ಟೆವು, ನಾನು ಕೈ ತೊಳೆಯುವಷ್ಟರಲ್ಲಿ ಸಹಾಯಕಿ ಎಡಗಿವಿಯನ್ನು ಕತ್ತರಿಸಿ ಮುಗಿಸಿದ್ದಳು. ಹೊಟ್ಟೆ ಕೊಯ್ದು ನೋಡಿದರೆ ಒಳಗೆ ಗರ್ಭಕೋಶವೇ ಇಲ್ಲ. ಇದ್ದದ್ದು ಹಳೆಯ ಹೊಲಿಗೆ. ಒಂದು ಗಂಟು, ಅದು ಸಾಲದೆಂದು ಮೇಲೊಂದು, ಅದರ ಮೇಲೆ ಮತ್ತೊಂದು ಅಡ್ಡಗಂಟು. ನನ್ನ ಕೈ ಅಲ್ಲೇ ನಿಂತಿತು. ನಮ್ಮ ಮನೆಯ ಕಸದ ಚೀಲದ ಬಾಯಿಗೆ, ಅಕ್ಕಿ ಮೂಟೆಗೆ, ಮಗಳ ಶೂ ಲೇಸಿಗೆ ದಿನಾ ಬೀಳುತ್ತಿದ್ದ ಗಂಟೇ ಅದು. ನಾನು ಹಲ್ಲಲ್ಲಿ ಕಚ್ಚಿ ಬಿಚ್ಚುತ್ತಿದ್ದ ಗಂಟು.

ಸಂಜೆ ಮನೆಗೆ ಹೋದಾಗ ನನ್ನ ಗಂಡ ಅಂಗಿ ಇಸ್ತ್ರಿ ಮಾಡುತ್ತಿದ್ದರು. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ನೀವು ಗುರುತಿಗೆ ಯಾವ ಕಿವಿ ಕತ್ತರಿಸ್ತೀರಿ?"

"ಆಫೀಸಿನ ಮಾತು..." ಎಂದರು.

"ಕಟ್ಟಳೆ ಹಾಳಾಗಿ ಹೋಗ್ಲಿ. ಯಾವ ಕಿವಿ?"

"ಬಲಗಿವಿ. ಹೋದ ವರ್ಷದಿಂದ. ಯಾಕೆ?"

"ನಿಮ್ಮ ಗಂಟು ಇವತ್ತು ನನ್ನ ಮೇಜಿನ ಮೇಲೆ ಸಿಕ್ತು. ನೀವು ಕೊಯ್ದು ಹೊಲಿದಿದ್ದ ಹೊಟ್ಟೇನ ನಾನು ಮತ್ತೆ ಕೊಯ್ದೆ."

ಅವರ ಮುಖದ ಬಣ್ಣ ಇಳಿಯಿತು. ಅಂಗಿಯ ತೋಳಿನಿಂದ ಸುಟ್ಟ ವಾಸನೆ ಬರುವ ತನಕ ಇಸ್ತ್ರಿಪೆಟ್ಟಿಗೆ ಅಲ್ಲೇ ಇತ್ತು.

ಯಜಮಾನಿಯ ಗಾಯ ಕೀವು ಹಿಡಿಯಿತು. ಮೈ ಕಾದ ಬಾಣಲೆಯಾಯಿತು. ನಾನು ದಿನಾ ಅವಳ ಬಾಯಿಗೆ ಗಂಜಿ ಹಿಂಡುವಾಗ ಅವಳು ನನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲದೆ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಾವು ಜಗಳವಾಡದೆಯೇ ಬಡವಾಗಿಸಿದ್ದೆವು.

ನಾನು ನಮ್ಮ ಕಮಿಷನರ ಮುಂದೆ ಹೋಗಿ ನಿಂತೆ. "ಎರಡೂ ಊರಿಗೆ ಒಂದೇ ಗುರುತು ಆಗೋವರೆಗೂ ನಾನು ಕತ್ತಿ ಮುಟ್ಟಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ಮುಂದಿನ ವಾರ ಜಂಟಿ ಸಭೆ ಇದೆ. ಅಲ್ಲಿ ಆದ್ರೆ ಸಂತೋಷ. ಆಗ್ಲಿಲ್ಲ ಅಂದ್ರೆ ನೀವು ಕತ್ತಿ ಹಿಡೀರಿ, ಇಲ್ಲ ರಾಜೀನಾಮೆ ಕೊಡಿ. ಕತ್ತಿ ಮುಟ್ಟದ ಡಾಕ್ಟರ್‌ನ ಇಟ್ಕೊಂಡು ನಾನೇನು ಮಾಡ್ಲಿ?"

ಅವರು ಹೇಳಿದ್ದು ನ್ಯಾಯವೇ ಆಗಿತ್ತು. ಆದರೂ ನನಗೆ ಭಯವಾಯಿತು. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬೇಕಿರಲಿಲ್ಲ.

ಜಂಟಿ ಸಭೆ ನಡೆದದ್ದು ಆ ದಡದ ಪುರಭವನದಲ್ಲಿ. ಕಸದ ಲಾರಿಗಳ ಹೊತ್ತು ಒಪ್ಪಿಗೆಯಾಯಿತು. ಸೇತುವೆಯ ದೀಪಗಳನ್ನು ಅರ್ಧರ್ಧ ನೋಡಿಕೊಳ್ಳುವುದೂ ಒಪ್ಪಿಗೆಯಾಯಿತು. ಒಂದೇ ವ್ಯಾನು, ಒಂದೇ ಲಸಿಕೆ ಅಭಿಯಾನ, ನಾಯಿಯನ್ನು ಹಿಡಿದ ಬೀದಿಯಲ್ಲೇ ಬಿಡುವುದು, ಇದಕ್ಕೂ ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ನಿಂತದ್ದು ಕಿವಿಯ ಹತ್ತಿರ.

"ಎಡಗಿವಿ. ನಾವು ಮೊದಲಿಂದ ಮಾಡ್ಕೊಂಡು ಬಂದಿದೀವಿ," ಎಂದರು ನಮ್ಮ ಅಧ್ಯಕ್ಷರು.

"ಮೊದಲು ಮಾಡಿದ್ದೆಲ್ಲ ಸರಿ ಅಂತೇನಿಲ್ಲ. ಬಲಗಿವಿ," ಎಂದರು ಆ ದಡದ ಅಧ್ಯಕ್ಷೆ.

ಯಾರೋ ನಡುವೆ ಬಾಲದ ಪ್ರಸ್ತಾಪ ತಂದರು. ಬಾಲದ ಡೊಂಕಿನ ಮೇಲೆ ಒಂದು ನಗೆಚಟಾಕಿ ಹಾರಿತು, ಬಿಸ್ಕತ್ತು ಬಂತು, ಚಹಾ ಬಂತು, ಕಿವಿ ಮಾತ್ರ ಅಲ್ಲೇ ಇತ್ತು. ಉಪಸಮಿತಿ ಮಾಡೋಣ ಎಂದರು ಒಬ್ಬರು. ಉಪಸಮಿತಿ ಎಂದರೆ ವಿಷಯಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ನನ್ನ ಕಮಿಷನರು ನನ್ನತ್ತ ನೋಡಿದರು. ನಾನು ರಾಜೀನಾಮೆಯ ಒಕ್ಕಣೆಯನ್ನು ಮನಸ್ಸಿನಲ್ಲೇ ಹೊಂದಿಸತೊಡಗಿದೆ.

ಆಗ ಎದುರು ಸಾಲಿನಲ್ಲಿ ನನ್ನ ಗಂಡ ಎದ್ದು ನಿಂತರು. ಸಭೆಯಲ್ಲಿ ಬಾಯಿ ಬಿಡದ ಮನುಷ್ಯ.

"ಎಡಗಿವಿ ಇರ್ಲಿ," ಎಂದರು.

ಅವರ ಅಧ್ಯಕ್ಷೆ ತಿರುಗಿದರು. "ಡಾಕ್ಟ್ರೇ, ನೀವು ಯಾರ ಕಡೆ?"

ಹಿಂದಿನ ಸಾಲಿನಿಂದ "ಹೆಂಡ್ತಿ ಕಡೆ!" ಎಂದರು ಯಾರೋ. ಸಭೆ ಗೊಳ್ಳೆಂದಿತು. ನನ್ನ ಕಿವಿ ಎರಡೂ ಕೆಂಪಾದವು.

ನಗು ಇಳಿಯುವ ತನಕ ಅವರು ಕಾದರು. "ಅವರ ಗುರುತಿನ ನಾಯಿಗಳು ಜಾಸ್ತಿ ಇವೆ. ಬಲಗಿವಿ ಅಂದ್ರೆ ಅಷ್ಟನ್ನೂ ಮತ್ತೆ ಹಿಡೀಬೇಕು. ಅದೊಂದು ಕಾರಣ. ಇನ್ನೊಂದು ಇದೆ. ಎಡಗಿವಿ ಹರಿದಿದ್ದ ಎರಡು ನಾಯೀನ ನಾನೂ ಕೊಯ್ದಿದೀನಿ. ಒಳಗೆ ಹೊಲಿಗೆ ಸಿಕ್ತು. ನೀಟಾದ, ಸಣ್ಣ ಹೊಲಿಗೆ. ಯಾರ ಕೈ ಅಂತ ನನಗೆ ಗೊತ್ತಾಯ್ತು. ಮನೆಗೆ ಹೋದೆ, ಊಟ ಮಾಡಿದೆ, ಹೇಳ್ಲಿಲ್ಲ. ಮನೇಲಿ ನಾವು ಆಫೀಸಿನ ಮಾತಾಡಲ್ಲ." ಅವರು ನನ್ನ ಕಡೆ ನೋಡದೆ ಮುಂದುವರಿಸಿದರು. "ಒಂದು ಬದುಕ್ತು. ಇನ್ನೊಂದು ಉಳೀಲಿಲ್ಲ. ನಾನು ಅವತ್ತೇ ಬಾಯಿ ಬಿಟ್ಟಿದ್ರೆ ಆ ಕಂದು ನಾಯಿಗೆ ಈ ಗತಿ ಬರ್ತಿರಲಿಲ್ಲ."

ಯಾರೂ ನಗಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಎದ್ದು ಹೋಗಿ ಪಕ್ಕದಲ್ಲಿ ನಿಲ್ಲಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡದೆ ಕೂತಿದ್ದೆ.

ಅಧ್ಯಕ್ಷೆ ಚಹಾದ ಲೋಟವನ್ನು ಬದಿಗೆ ಸರಿಸಿದರು. "ಎಡಗಿವಿ ಆಗ್ಲಿ. ಲಸಿಕೆ ಅಭಿಯಾನ ಮಾತ್ರ ನಮ್ಮ ದಡದಿಂದ ಶುರುವಾಗ್ಬೇಕು. ವ್ಯಾನಿಗೆ ನಮ್ಮ ಬಣ್ಣ."

"ಬಣ್ಣ ತಾನೇ, ಬಳ್ಕೊಳ್ಳಿ," ಎಂದರು ನಮ್ಮ ಅಧ್ಯಕ್ಷರು. ನನ್ನ ಕೆಲಸ ಉಳಿಯಿತು.

ಯಜಮಾನಿ ಚೇತರಿಸಿಕೊಂಡಳು. ಹೊಸ ಬಣ್ಣದ ಜಂಟಿ ವ್ಯಾನಿನ ಮೊದಲ ಪ್ರಯಾಣಿಕಳೂ ಅವಳೇ. ಆದರೆ ಬಿಡುವುದು ಎಲ್ಲಿ? ಹಿಡಿದ ಬೀದಿಯಲ್ಲೇ ಬಿಡಬೇಕೆಂದು ಒಪ್ಪಂದ. ಮಾವ ತಲೆ ಕೆರೆದುಕೊಂಡರು. "ನಾವು ಹಿಡಿದಿದ್ದು ಸೇತುವೆ ಹತ್ರ. ಅಲ್ಲಿಗೆ ತಂದು ಬಿಟ್ಟವರು ಅವರು. ಅವರಲ್ಲಿಗೆ ಅದಕ್ಕೂ ಮೊದ್ಲು ಬಿಟ್ಟವನು ನಾನೇ ಇರ್ಬೇಕು. ಅದಕ್ಕೂ ಹಿಂದಿಂದು ಯಾರಿಗೆ ಗೊತ್ತು?"

ಎರಡು ಕಿವಿಯಲ್ಲೂ ಗುರುತಿರುವ, ಎರಡೂ ಊರಿನ ಖಾಯಂ ನಿವಾಸಿ ಅವಳೊಬ್ಬಳೇ ಎಂದು ಎಲ್ಲರೂ ತಮಾಷೆ ಮಾಡಿದರು. ಕೊನೆಗೆ ಸೇತುವೆಯ ನಟ್ಟನಡುವೆ ವ್ಯಾನು ನಿಲ್ಲಿಸಿ ಬಾಗಿಲು ತೆರೆಯುವುದು, ಅವಳಿಗೆ ಎತ್ತ ಬೇಕೋ ಅತ್ತ ಹೋಗಲಿ ಎಂದು ತೀರ್ಮಾನವಾಯಿತು. ಬೆಳಗಿನ ಬಿಸಿಲಿತ್ತು. ಎರಡೂ ಕಡೆಯ ನಾಲ್ಕಾರು ಜನ ಕಂಬಿಗೆ ಒರಗಿ ನಿಂತಿದ್ದರು, ನನ್ನ ಗಂಡನೂ ಇದ್ದರು.

ಯಜಮಾನಿ ಇಳಿದಳು. ಮೈ ಕೊಡವಿದಳು. ಈ ದಡದತ್ತ ನೋಡಿದಳು, ಆ ದಡದತ್ತ ನೋಡಿದಳು. ಎರಡೂ ಊರಿನವರು ತಮ್ಮ ಕಡೆ ಬರಲಿ ಎಂದು ಲೊಚಗುಟ್ಟಿ ಕರೆದರು. ಅವಳು ತಿರುಗಿ, ಒಂದೇ ನೆಗೆತಕ್ಕೆ ವ್ಯಾನು ಹತ್ತಿ, ತನ್ನ ಮೂಲೆಯಲ್ಲಿ ಮುದುಡಿ ಕೂತಳು.

ಎರಡು ಊರು ಸೇರಿ ಅವಳಿಗೆ ಕೊಟ್ಟಿದ್ದ ಜಾಗ ಅದೊಂದೇ ಎಂದು ನನಗೆ ಆಗ ಹೊಳೆದು ಅಳು ಬಂತು.

ನಾನು ಹಿಂದಿನಿಂದ ಹತ್ತಿ ಅವಳ ಪಕ್ಕ ನೆಲದ ಮೇಲೆ ಕೂತೆ. ನನ್ನ ಗಂಡನೂ ಹತ್ತಿದರು.

"ಡಾಕ್ಟ್ರೇ, ಯಾವ ಕಡೆ ತಿರುಗಿಸ್ಲಿ?" ಮುಂದಿನಿಂದ ಮಾವ ಕೂಗಿದರು.

"ಯಾವ ಕಡೆಗಾದ್ರೂ ಸರಿ ಮಾವ, ನಿಧಾನಕ್ಕೆ ಹೊಡೀರಿ," ಎಂದೆ. "ಬಾಗಿಲು ಮಾತ್ರ ಹಾಕ್ಬೇಡಿ."