ಹನ್ನೊಂದು ಸಾವಿರದ ಇನ್ನೂರ ನಾಲ್ಕು

ನನ್ನ ಸೋದರಮಾವ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಅವರ ಅಂಗಡಿ ರಸ್ತೆಯಿಂದ ಎರಡು ಮೆಟ್ಟಿಲು ಕೆಳಗಿಳಿದು ಹೋಗುವ ಉದ್ದನೆಯ ಕೋಣೆ. ಬಾಗಿಲಲ್ಲಿ ನಿಂತರೆ ಮೊದಲು ಎಣ್ಣೆಯ ವಾಸನೆ ಬರುತ್ತದೆ, ಆಮೇಲೆ ಕತ್ತಲಿಗೆ ಕಣ್ಣು ಹೊಂದಿಕೊಂಡು ಮಾವ ಕಾಣುತ್ತಾರೆ. ಗೋಡೆಯ ಪಕ್ಕದ ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರ್. ಅದರ ಕೀಬೋರ್ಡಿನ ಅಕ್ಷರಗಳು ಅವರ ಬೆರಳಿನ ಜಿಡ್ಡಿಗೆ ಅಳಿಸಿಹೋಗಿವೆ.

ಅವರಿಗೆ ಒಂದು ವೆಬ್‌ಸೈಟ್ ಇತ್ತು. ಹತ್ತು ವರ್ಷದ ಹಿಂದೆ ನಾನೇ ಮಾಡಿಕೊಟ್ಟಿದ್ದು. ಹಳೆಯ ಯಂತ್ರ ಕೆಟ್ಟವರು ಅದರಲ್ಲಿ ಪ್ರಶ್ನೆ ಬರೆಯುತ್ತಿದ್ದರು, ಮಾವ ಉತ್ತರ ಬರೆಯುತ್ತಿದ್ದರು. ಪುಟದ ಕೆಳಗೆ, ಇದುವರೆಗೆ ಎಷ್ಟು ಸಲ ಜನ ಬಂದರು ಎನ್ನುವ ಒಂದು ಸಂಖ್ಯೆ. ಅಂಥ ಪುಟ ಮೊದಲೇ ಬರೆದಿಟ್ಟ ಕಾಗದವಲ್ಲ. ಯಾರಾದರೂ ತೆರೆದಾಗ ದೂರದ ಸರ್ವರ್‌ನಲ್ಲಿ ಸ್ಕ್ರಿಪ್ಟ್ ಎನ್ನುವ ಪುಟ್ಟ ಪ್ರೋಗ್ರಾಮ್ ಓಡಿ, ಫೈಲಿನಿಂದ ಪ್ರಶ್ನೋತ್ತರಗಳನ್ನು ಎತ್ತಿಕೊಂಡು, ಎಣಿಕೆಗೆ ಒಂದು ಸೇರಿಸಿ, ಆ ಕ್ಷಣಕ್ಕೆ ಪುಟವನ್ನು ಕಟ್ಟಿ ಕಳಿಸುತ್ತದೆ.

ಕಳೆದ ವರ್ಷ ಸರ್ವರ್‌ನವರು ತಮ್ಮ ವ್ಯವಸ್ಥೆಯನ್ನು ಬದಲಾಯಿಸಿದರು. ನಾನು ಬರೆದ ಹಳೆಯ ಸ್ಕ್ರಿಪ್ಟ್ ಅಲ್ಲಿ ಓಡದಾಯಿತು. ಅದನ್ನು ತಿದ್ದಲು ಎರಡು ಭಾನುವಾರ ಸಾಕಿತ್ತು. ಆದರೆ ಮಾವ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಸೈಟು ನಿಂತದ್ದು ಅವರಿಗೆ ಅಂಗಡಿಯ ಬಾಗಿಲು ಕಿತ್ತುಹೋದಂತಾಗಿತ್ತು. ಅವರನ್ನು ಸಮಾಧಾನಪಡಿಸಲು ನಾನು ಒಂದು ಅಡ್ಡದಾರಿ ಹಿಡಿದೆ. ಇಂಥ ಸ್ಕ್ರಿಪ್ಟುಗಳನ್ನು ಪರೀಕ್ಷಿಸಿ ನೋಡಲು ಬೇರೆ ಸರ್ವರ್ ಬೇಕಿಲ್ಲ. ಸ್ಕ್ರಿಪ್ಟ್ ಬರೆದ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಒಂದು ಪುಟ್ಟ ಸರ್ವರ್ ಬರುತ್ತದೆ. ಒಂದು ಸಾಲಿನ ಆಜ್ಞೆ ಕೊಟ್ಟರೆ ಪರದೆಯ ಮೇಲೆ ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದು ತೆರೆದಿರುವಷ್ಟು ಹೊತ್ತು ಸೈಟು ಆ ಕಂಪ್ಯೂಟರಿನಲ್ಲಿ, ಆ ಕಂಪ್ಯೂಟರಿಗೆ ಮಾತ್ರ, ಥೇಟ್ ಮೊದಲಿನ ಹಾಗೆ ಕಾಣುತ್ತದೆ. ಇಂಟರ್ನೆಟ್ಟೂ ಬೇಡ.

ಹಾಗೆ ಮಾಡಿ, ಒಂದು ಐಕಾನ್ ಒತ್ತಿದರೆ ಎಲ್ಲವೂ ತೆರೆಯುವಂತೆ ಜೋಡಿಸಿದೆ. ಪುಟ ಬಂತು. ಕೆಳಗೆ ಹನ್ನೊಂದು ಸಾವಿರದ ಇನ್ನೂರ ನಾಲ್ಕು. ಮಾವ ನನ್ನ ಬೆನ್ನು ತಟ್ಟಿದರು. ಆಗಲೇ ಹೇಳಬೇಕಿತ್ತು. ‘ಸರಿಹೋಯ್ತು ಮಾವ’ ಎಂದಷ್ಟೇ ಹೇಳಿ ಬಂದೆ. ಎರಡು ಭಾನುವಾರದ ಮಾತು ತಾನೆ, ಅವರಿಗೆ ಗೊತ್ತಾಗುವುದರೊಳಗೆ ನಿಜವಾಗಿಯೂ ಸರಿಹೋಗಿರುತ್ತದೆ ಅಂದುಕೊಂಡೆ.

ಏಳು ತಿಂಗಳು ಕಳೆದವು.

ಸೈಟಿನಲ್ಲಿ ಉತ್ತರ ಸಿಗದೆ ಉಳಿದಿದ್ದ ಪ್ರಶ್ನೆಗಳು ಮೂವತ್ತೆಂಟು. ಮಾವ ಒಂದೊಂದನ್ನೇ ತೆಗೆದುಕೊಂಡು ಉತ್ತರ ಬರೆಯತೊಡಗಿದರು. ಕೆಲವಕ್ಕೆ ಮೂರು ದಿನ ಹಿಡಿಯುತ್ತಿತ್ತು. ಎಲ್ಲಕ್ಕಿಂತ ಅವರ ತಲೆ ಹೊಕ್ಕಿದ್ದು ಒಬ್ಬ ಟೀಚರ್ ಬರೆದ ಪ್ರಶ್ನೆ, ಸೈಟು ನಿಲ್ಲುವುದಕ್ಕೆ ಒಂದು ವಾರ ಮೊದಲು ಬಂದದ್ದು. ಆಕೆಯ ತಾಯಿಯ ಯಂತ್ರ ಹೊಲಿಗೆ ಬಿಟ್ಟುಬಿಟ್ಟು ಹಾಕುತ್ತಿತ್ತು. ಮೇಲಿನ ದಾರವನ್ನು ಕೆಳಗಿನ ದಾರಕ್ಕೆ ಹೆಣೆಯುವ ಅದರ ಶಟಲ್ ಸವೆದಿತ್ತು, ಆ ಮಾದರಿಯ ಶಟಲ್ ಈಗ ಎಲ್ಲೂ ಸಿಗುವುದಿಲ್ಲ. ‘ಅಮ್ಮನ ಕಣ್ಣು ಪೂರ್ತಿ ಮಂಜಾಗುವ ಮೊದಲು ಒಂದು ಸಲ ಓಡಿದರೆ ಸಾಕು’ ಎಂದು ಬರೆದಿದ್ದರು. ಮಾವ ಬೇರೆ ಯಂತ್ರದ ಶಟಲ್ ಒಂದನ್ನು ಹನ್ನೊಂದು ದಿನ ಅರದಿಂದ ಉಜ್ಜಿ ಅದರ ಅಳತೆಗೆ ತಂದರು. ಅದನ್ನು ಎಣ್ಣೆ ಕಾಗದದಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟು, ‘ವಿಳಾಸ ಬರೆಯಿರಿ, ಕಳಿಸುತ್ತೇನೆ’ ಎಂದು ಉತ್ತರ ಹಾಕಿ ಕಾದರು.

ನಾನು ಹೋದಾಗಲೆಲ್ಲ ಅತ್ತೆ ಚುಚ್ಚುತ್ತಿದ್ದರು. ಊರಿಗೆಲ್ಲ ಪುಟಗಟ್ಟಲೆ ಉತ್ತರ ಕೊಡುವ ಮನುಷ್ಯ ಮನೆಯಲ್ಲಿ ಸಾರಿಗೆ ಉಪ್ಪು ಸಾಕಾ ಎಂದರೆ ‘ಹೂಂ’ ಅನ್ನುತ್ತಾರೆ. ‘ನಾನೂ ನನ್ನ ಪ್ರಶ್ನೇನ ಕಂಪ್ಯೂಟರಿನಲ್ಲೇ ಹಾಕಬೇಕು’ ಎನ್ನುತ್ತಿದ್ದರು. ಮಾವ ನಗುತ್ತಿದ್ದರು. ಹೊಸ ಪ್ರಶ್ನೆಯೇ ಬರುತ್ತಿಲ್ಲವಲ್ಲ ಎಂದು ಒಮ್ಮೆ ಅನುಮಾನಪಟ್ಟು, ತಾವೇ ಸಮಾಧಾನವನ್ನೂ ಹೇಳಿಕೊಂಡರು: ಹಳೆಯ ಉತ್ತರ ಓದಿಯೇ ಜನ ರಿಪೇರಿ ಮಾಡಿಕೊಳ್ಳುತ್ತಿದ್ದಾರೆ; ಓದುವವರಂತೂ ಇದ್ದಾರೆ, ಸಂಖ್ಯೆ ದಿನಾ ಏರುತ್ತಿದೆ.

ಆ ಸಂಖ್ಯೆಯನ್ನು ಏರಿಸುತ್ತಿದ್ದವರು ಅವರೇ. ಯಾರಾದರೂ ಬಂದರೋ ಎಂದು ಬೆಳಿಗ್ಗೆ ಒಮ್ಮೆ ತೆರೆದರೆ ಒಂದು, ಊಟವಾದ ಮೇಲೆ ಇನ್ನೊಂದು, ಅಂಗಡಿ ಮುಚ್ಚುವಾಗ ಮತ್ತೊಂದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರು ಕೊಟ್ಟ ಕಾಫಿ ಕುಡಿದು, ‘ಜನಕ್ಕೆ ಪುರುಸೊತ್ತಿರಲ್ಲ ಮಾವ’ ಎಂದು ಎದ್ದು ಬರುತ್ತಿದ್ದೆ. ಮೊದಲ ತಿಂಗಳು ಹೇಳಬಹುದಾಗಿದ್ದ ಮಾತು ನಾಲ್ಕನೆಯ ತಿಂಗಳಿಗೆ ಬಾಯಿಗೇ ಬರದಾಯಿತು.

ಒಂದು ಸೋಮವಾರ ರಸ್ತೆ ಅಗೆಯುವವರು ಇಂಟರ್ನೆಟ್ ತಂತಿಯನ್ನು ಕತ್ತರಿಸಿದರು. ಬೀದಿಗೆ ಬೀದಿಯೇ ನಿಂತಿತು. ಗುರುವಾರ ಮಾವ ಫೋನ್ ಮಾಡಿ, ಬಿಡುವಾದಾಗ ಬಾ ಎಂದರು, ಅಷ್ಟೇ. ಹೋದೆ. ಅವರು ಸ್ಟೂಲು ತೋರಿಸಿ, ಯಂತ್ರವೊಂದಕ್ಕೆ ಎಣ್ಣೆ ಬಿಡುತ್ತಲೇ ನಡೆದದ್ದನ್ನು ಹೇಳಿದರು. ತಂತಿ ಕಡಿದ ದಿನವೂ ಸೈಟು ತೆರೆಯಿತು. ಪಕ್ಕದ ಜೆರಾಕ್ಸ್ ಅಂಗಡಿಯವನು ಕೈಕಟ್ಟಿ ಕೂತಿದ್ದಾನೆ, ಇವರ ಸೈಟು ಮಾತ್ರ ತೆರೆಯುತ್ತಿದೆ. ಮಂಗಳವಾರ ಒಮ್ಮೆಯೂ ತೆರೆಯದೆ ಬಿಟ್ಟರು. ಬುಧವಾರ ಬೆಳಿಗ್ಗೆ ತೆರೆದರೆ ಸೋಮವಾರ ನೋಡಿದ್ದಕ್ಕಿಂತ ಒಂದೇ ಒಂದು ಜಾಸ್ತಿ. ಐದು ಸಲ ತೆರೆದರು. ಐದು ಏರಿತು.

ನಾನು ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುವವನು. ಪ್ರತಿ ಮಾದರಿಯ ಜೊತೆಗೆ ಏನೂ ಇಲ್ಲದ ಶುದ್ಧ ನೀರನ್ನೂ ಇಟ್ಟು ಅಳೆಯುವುದು ನಮ್ಮ ನಿಯಮ. ಉಪಕರಣವೇ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯುವುದು ಹಾಗೆ. ಕಾಲೇಜಿನ ಮೆಟ್ಟಿಲು ಹತ್ತದ ಮಾವ ಆ ಪರೀಕ್ಷೆಯನ್ನು ತಾವೇ ಮಾಡಿ ಮುಗಿಸಿದ್ದರು.

“ನಿನಗೆ ಗೊತ್ತಿತ್ತಾ?” ಎಂದರು.

“ಗೊತ್ತಿತ್ತು ಮಾವ.”

ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟರು. “ಕೆಟ್ಟಿದ್ದನ್ನ ರಿಪೇರಿ ಮಾಡೋನು ಕಣೋ ನಾನು. ಕೆಟ್ಟಿದೆ ಅಂತ ನನ್ನ ಹತ್ರ ಹೇಳೋಕೆ ಹೆದರಿಕೆ ಯಾಕೆ?”

ಆಮೇಲೆ ಅವರು, ಆ ಟೀಚರಿಗೆ ಬೇರೆ ದಾರಿಯಲ್ಲಿ ತಿಳಿಸಬಹುದಿತ್ತಾ ಎಂದು ಕೇಳಿದರು. ಪ್ರಶ್ನೆಯ ಜೊತೆ ಆಕೆಯ ಇಮೇಲ್ ಫೈಲಿನಲ್ಲೇ ಇತ್ತು. ಮೊದಲ ದಿನದಿಂದಲೂ ಇತ್ತು. ಹಾಗೆಂದೆ. ಅವರು ಎಣ್ಣೆಯ ಡಬ್ಬಿಯನ್ನು ಮತ್ತೆ ಎತ್ತಿಕೊಂಡರು.

ಅಂದೇ ಆಕೆಗೆ ಬರೆದೆ. ಏಳು ತಿಂಗಳು ಮುಂದೂಡಿದ್ದ ಸ್ಕ್ರಿಪ್ಟನ್ನು ಎರಡು ದಿನ ರಜೆ ಹಾಕಿ ತಿದ್ದಿ ಮುಗಿಸಿದೆ. ಭಾನುವಾರದ ಹೊತ್ತಿಗೆ ಬೀದಿಯ ತಂತಿಯೂ ಸರಿಹೋಗಿತ್ತು. ಅಂಗಡಿಗೆ ಹೋಗಿ, ಎಲ್ಲವನ್ನೂ ಸರ್ವರಿಗೆ ಏರಿಸುವ ಮೊದಲು, ಆಕೆಯಿಂದ ಬಂದ ಉತ್ತರವನ್ನು ಮಾವನಿಗೆ ಓದಿ ಹೇಳಿದೆ.

‘ಅಮ್ಮನಿಗೆ ಈಗ ದಾರ ಕಾಣುವುದಿಲ್ಲ. ಯಂತ್ರವನ್ನು ಹಳೆ ಕಬ್ಬಿಣದವರು ತೆಗೆದುಕೊಂಡು ಹೋದರು. ನಿಮ್ಮ ಉತ್ತರಕ್ಕೆಂದು ಎರಡು ತಿಂಗಳು ದಿನಾ ನೋಡುತ್ತಿದ್ದೆ. ಪುಟ ತೆರೆಯುತ್ತಿರಲಿಲ್ಲ. ಶಟಲ್ ಮಾಡಿಟ್ಟಿದ್ದಿರಿ ಎಂದು ಅಮ್ಮನಿಗೆ ಹೇಳಿದೆ. ಯಾರು ಅವರು ಎಂದು ಕೇಳಿದರು.’

ಮಾವ ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ಪರದೆಯ ಕೆಳಗಿನ ಸಂಖ್ಯೆಯನ್ನು ತೋರಿಸಿದರು. ಹನ್ನೊಂದು ಸಾವಿರದ ಎಂಟುನೂರ ತೊಂಬತ್ಮೂರು.

“ಆಯಮ್ಮ ದಿನಾ ಬಂದಿದ್ದು ಇದರಲ್ಲಿ ಸೇರಿಲ್ಲ, ಅಲ್ವಾ?”

“ಇಲ್ಲ ಮಾವ.”

“ಅವರದ್ದು ಸೇರಿಸೋಕೆ ಆಗಲ್ಲ. ನನ್ನದು ಕಳೆ.”

ಎಣಿಕೆಯ ಫೈಲನ್ನು ತೆರೆದು ಹಳೆಯ ಸಂಖ್ಯೆಯನ್ನು ಬರೆದು, ಸರಿಯಾಯಿತೇ ಎಂದು ಪುಟವನ್ನು ತೆರೆದು ನೋಡಿದೆ. ಇನ್ನೂರ ಐದು. ಆ ಒಂದು ನಾನು. ಮತ್ತೆ ಫೈಲು ತೆರೆದು ನಾಲ್ಕು ಮಾಡಿದೆ. ಈ ಸಲ ನೋಡದೆ, ಹಾಗೆಯೇ ಸರ್ವರಿಗೆ ಏರಿಸಿದೆ. ಮಾವ ಬೆನ್ನು ತಿರುಗಿಸಿಕೊಂಡು ಡ್ರಾಯರ್ ಎಳೆಯುತ್ತಿದ್ದರು.

“ಎಷ್ಟು ತೋರಿಸ್ತಿದೆ?”

“ನೋಡಿಲ್ಲ. ನೋಡಿದ್ರೆ ಒಂದು ಏರುತ್ತೆ.”

“ಹಾಗಾದ್ರೆ ಬೇಡ ಬಿಡು,” ಎಂದರು. ತಗಡಿನ ಡಬ್ಬಿಯನ್ನು ತೆಗೆದು, ಶಟಲ್‌ನ ಎಣ್ಣೆ ಕಾಗದ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಹೊಸ ಕಾಗದ ಹುಡುಕತೊಡಗಿದರು.