ಪ್ರದರ್ಶನದ ತರಕಾರಿ

"ಮಡ್ಲು ಬಿಚ್ಚಮ್ಮಿ. ಬಿಚ್ಚು ಅಂದ್ರ ಬಿಚ್ಬೇಕು. ನೆಲ ನೋಡ್ಕಂಡು ನಿಂತವ್ಳೆ ಕಳ್ಳ ಮುಂಡೆ."

ಪ್ರಭುಸ್ವಾಮಿಯವರು ಹೀಗೆ ಅಂದದ್ದು ನನ್ನ ಅತ್ತೆ ವೀರಮ್ಮನಿಗೆ, ತಮ್ಮ ಬೀನ್ಸ್ ತೋಟದ ಬದುವಿನ ಮೇಲೆ, ಆಳು ಹೆಂಗಸರೆಲ್ಲರ ಎದುರಿಗೆ. ಬೆಳಗಿನಿಂದ ಬೀನ್ಸ್ ಬಿಡಿಸಿ ಚೀಲ ತುಂಬಿದ್ದೆವು. ಮೈಸೂರಿಗೆ ಹೋಗುವ ಟೆಂಪೋ ಕಾಯುತ್ತ ನಿಂತಿತ್ತು. ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಎಳೆದಳು. ಬೀನ್ಸ್ ಬೀಳಲಿಲ್ಲ. ಬಿದ್ದದ್ದು ಒಂದು ಹಿಡಿ ಅಣ್ಣೆಸೊಪ್ಪು. ಸಾಲುಗಳ ನಡುವೆ ತಾನಾಗಿ ಹುಟ್ಟುವ, ನಾವೇ ಕಿತ್ತು ಬದುವಿಗೆ ಎಸೆಯುವ ಕಳೆ.

"ಕಳ ಕನ ಬುದ್ಧಿ. ಬಿಸಾಕದೇಯ. ಸಾರಿಗಾಯ್ತದ ಅಂತ ತಕಂಡಿ."

"ಕಳ ಆದ್ರೇನು, ನಿಮ್ಮಪ್ಪನ ಭೂಮೀಲಿ ಬೆಳೀತಾ? ಇವತ್ತು ಸೊಪ್ಪು, ನಾಳಿಕ್ಕ ಬೀನ್ಸು. ನಿಮ್ ಜಾತೀಗೇ ಕೈ ಚಟ."

ಸೊಪ್ಪನ್ನು ಶೂ ಹಾಕಿದ ಕಾಲಿನಿಂದ ಕೆಸರಿಗೆ ಹೊಸಕಿದರು. ಮಾರನೆಯ ದಿನ ಸಾಲುಗಳಿಗೆಲ್ಲ ಕಳೆನಾಶಕ ಹೊಡೆಸಿದರು. ಸೊಪ್ಪು ಸುಟ್ಟು ಹಳದಿಯಾಯಿತು. ತಮ್ಮ ಸೊತ್ತು ಕಾಯುವುದರಲ್ಲಿ ಅಷ್ಟು ಕಟ್ಟುನಿಟ್ಟು ನಮ್ಮ ಪ್ರಭುಸ್ವಾಮಿಯವರು.

ಅತ್ತೆಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳಲ್ಲಿ ಎದ್ದ ಹುಣ್ಣು ಮಾಯುವ ಮಾತೇ ಆಡುತ್ತಿರಲಿಲ್ಲ. ಕೊಳ್ಳೇಗಾಲದ ಡಾಕ್ಟರು ಚಿಮಟದಲ್ಲಿ ಹುಣ್ಣು ಮುಟ್ಟಿ, "ಅನ್ನ ಕಮ್ಮಿ ಮಾಡು, ಸೊಪ್ಪು ತರಕಾರಿ ಜಾಸ್ತಿ ತಿನ್ನು, ಇಲ್ಲದಿದ್ರೆ ಬೆರಳು ತೆಗೀಬೇಕಾಗುತ್ತೆ" ಅಂದಿದ್ದರು. ಸೊಪ್ಪು ಎಲ್ಲಿಂದ ತರಬೇಕು ಅನ್ನುವುದನ್ನು ಅವರು ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ.

ಮೊದಲಾದರೆ ಕೆರೆಯಂಚು ಇತ್ತು. ಹೊನಗೊನ್ನೆ, ಒಂದೆಲಗ ಕುಯ್ದು ತಂದರೆ ಎರಡು ಹೊತ್ತಿಗೆ ಆಗುತ್ತಿತ್ತು. ಈಗ ಅಲ್ಲಿ ತಂತಿಬೇಲಿ, ಬೇಲಿಯೊಳಗೆ ಪ್ರಭುಸ್ವಾಮಿಯವರ ಬಾಳೆ. ಕೆರೆ ತಾನಾಗಿ ಹಿಂದಕ್ಕೆ ಸರಿಯಿತಂತೆ, ಅವರ ಜಮೀನು ತಾನಾಗಿ ಮುಂದಕ್ಕೆ ಬಂತಂತೆ. ನಮ್ಮ ಕೇರಿಗೆ ಉಳಿದದ್ದು ಅವರ ಅಣ್ಣನ ಮಗ ನಟರಾಜುವಿನ ಅಂಗಡಿ ಒಂದೇ. ಬಾಗಿಲ ಉದ್ದಕ್ಕೂ ಮಿರಮಿರ ಮಿಂಚುವ ಖಾರದ ಪ್ಯಾಕೆಟ್ಟುಗಳ ಸರ, ಒಳಗೆ ಬಣ್ಣದ ನೀರಿನ ಬಾಟಲಿ, ಬನ್ನು, ಪಾಮಾಯಿಲು, ಮೂಲೆಯಲ್ಲಿ ಮೊಳಕೆ ಬಂದ ಈರುಳ್ಳಿ. ಒಂದು ಸಲ ನಾನೇ ಕೇಳಿದ್ದೆ, ಒಂದಷ್ಟು ತರಕಾರಿ ತಂದು ಮಡಗಬಾರದಾ ಅಂತ.

"ಕೇರಿಯೋರ್ಗ ತರಕಾರಿ ಯಾಕ ಮಾಲಿನಿ? ಕೊಳತ್ರ ನೀನ್ ತಿಂದೀಯಾ? ಪ್ಯಾಕೆಟ್ಟು ಕೊಳಿಯಲ್ಲ. ಮಕ್ಕ ಅಳ್ತಿದ್ರ ಒಂದ ಅರ್ದು ಬಾಯ್ಗ ಸುರಿ, ತೆಪ್ಪಗಾಯ್ತವ."

ಹನೂರಿನ ಸುಬ್ಬಯ್ಯ ಆಟೋದಲ್ಲಿ ಟೊಮೇಟೊ, ಬದನೆ, ದಂಟುಸೊಪ್ಪು ತುಂಬಿಕೊಂಡು ಮೈಕಿನಲ್ಲಿ ಕೂಗುತ್ತ ಕೆಲವು ದಿನ ಬಂದ. ನಾವು ಆಟೋ ಸುತ್ತ ಮುತ್ತುವುದನ್ನು ನಟರಾಜು ಅಂಗಡಿಯಿಂದ ನೋಡಿದ. ಒಂದು ದಿನ ಎದ್ದು ಬಂದು ಆಟೋದ ಟೈರುಗಳ ಗಾಳಿ ಬಿಟ್ಟ. "ಇನ್ನೊಂದ್ ಸಲ ಈ ಬೀದೀಲಿ ಕೂಗುದ್ರ ನಿನ್ ಗಂಟ್ಲಿಂದೂ ಬಿಡ್ತೀನಿ ಬೋಳಿಮಗ್ನೆ." ಸುಬ್ಬಯ್ಯ ಮತ್ತೆ ಬರಲಿಲ್ಲ. ನಾವು ಕೆಲಸ ಬಿಟ್ಟು ಹನೂರಿಗೆ ಹೋಗೋಣವೆಂದರೆ ಹೋಗಲು ಬಸ್ಸು ಉಂಟು, ಬರಲು ಇಲ್ಲ.

ಹೀಗಿರುವಾಗ ಊರಿಗೆ ಪೌಷ್ಟಿಕ ಆಹಾರದ ಶಿಬಿರ ಬಂತು.

"ಎಲ್ಲಾರೂ ಸಮುದಾಯ ಭವನಕ್ಕ ಬರ್ಬೇಕು. ಕುರ್ಚಿ ಖಾಲಿ ಇದ್ರ ನನ್ ಮರ್ಯಾದೆ ಓಯ್ತದ" ಎಂದು ಪ್ರಭುಸ್ವಾಮಿಯವರೇ ಹೇಳಿ ಕಳಿಸಿದರು. ಆ ದಿನದ ಕೂಲಿ ಇಲ್ಲ ಎನ್ನುವುದನ್ನೂ ಜೊತೆಗೆ ಹೇಳಿ ಕಳಿಸಿದರು.

ವೇದಿಕೆಯ ಕೆಳಗೆ ಹಸಿರು ಬಟ್ಟೆ ಹಾಸಿ ತರಕಾರಿಯಲ್ಲೇ ರಂಗೋಲಿ ಬಿಟ್ಟಿದ್ದರು. ಟೊಮೇಟೊದ ಸುತ್ತು, ಬೀನ್ಸಿನ ಎಳೆ, ನಡುವೆ ಕ್ಯಾರೆಟ್ಟು, ಮೂಲಂಗಿ, ಕೋಸು. ತುದಿಯಲ್ಲಿ ಒಂದು ಬೋರ್ಡು: ದಯವಿಟ್ಟು ಮುಟ್ಟಬೇಡಿ. ನಮ್ಮನ್ನು ಮುಟ್ಟದವರು ಬರೆಸಿದ ಬೋರ್ಡಿನಲ್ಲಿ ದಯವಿಟ್ಟು ಎಂಬ ಮಾತು ಇದೆಯೆಂದು ಕೇಳಿ ಮುದುಕಿ ಚಿಕ್ಕನಿಂಗಮ್ಮ ಕಿಸಕ್ಕನೆ ನಕ್ಕಳು. ಅದನ್ನು ಅವಳಿಗೆ ಓದಿ ಹೇಳಿದವಳು ನಾನೇ. ತರಕಾರಿ ಕೊಟ್ಟ ದಾನಿಗಳೆಂದು ಪ್ರಭುಸ್ವಾಮಿಯವರಿಗೆ ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು. ನಾವು ಚಪ್ಪಾಳೆ ತಟ್ಟಿದೆವು. ತಟ್ಟಿ ಅಂದಿದ್ದರು.

ತಾಲೂಕಿನಿಂದ ಬಂದಿದ್ದ ಪದ್ಮಿನಿ ಮೇಡಂ ಮೈಕು ಹಿಡಿದರು.

"ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲೇ ಇದೆ. ನೀವೇನು ಮಾಡ್ತೀರಿ? ಮೂರು ಹೊತ್ತೂ ಅನ್ನ. ಮಕ್ಕಳ ಕೈಗೆ ಕುರುಕಲು ತಿಂಡಿ. ಮನೆ ಹಿತ್ತಲಲ್ಲಿ ನಾಲ್ಕು ಗಿಡ ಹಾಕ್ಕೊಳ್ಳೋಕೆ ಏನು ಸೋಮಾರಿತನ?"

"ಇತ್ಲು ಎಲ್ಲದ ತಾಯಿ? ಬಾಗ್ಲು ತಗುದ್ರ ಮೋರಿ" ಎಂದು ಹಿಂದಿನಿಂದ ಯಾರೋ ಅಂದರು. ಮೈಕಿನ ಸದ್ದಿನಲ್ಲಿ ಅದು ವೇದಿಕೆಯವರೆಗೆ ಹೋಗಲಿಲ್ಲ.

ಕುಂಟುತ್ತ ಬಂದು ಮುಂದೆ ಕೂತಿದ್ದ ಅತ್ತೆಯ ಮೇಲೆ ಮೇಡಂ ಕಣ್ಣು ಬಿತ್ತು. "ಬಾಮ್ಮ ಇಲ್ಲಿ. ಶುಗರ್ರಾ? ನಿನ್ನೆ ರಾತ್ರಿ ಏನು ಊಟ ಮಾಡಿದೆ, ಎಲ್ಲರಿಗೂ ಕೇಳೋ ಹಾಗೆ ಹೇಳು."

"ಅನ್ನ, ಉಪ್ಸಾರು."

"ಸಾರಿಗೆ ಏನು ಹಾಕಿದ್ದೆ?"

"ಉಪ್ಪ."

ವೇದಿಕೆಯ ಮೇಲಿದ್ದವರು ಗೊಳ್ಳೆಂದು ನಕ್ಕರು. ಮೇಡಂ ನಗುತ್ತಲೇ ಅತ್ತೆಯ ಕಾಲು ತೋರಿಸಿದರು. "ನೋಡಿ, ಅಜ್ಞಾನದ ಫಲ ಇದು."

ಪ್ರಭುಸ್ವಾಮಿಯವರು ಶಾಲು ಸರಿಮಾಡಿಕೊಂಡು ಮೈಕಿಗೆ ಬಾಯಿ ತಂದರು. "ನಾಲಿಗೆ ಚಪಲ ಮೇಡಂ ಇವರಿಗೆ. ನಮ್ಮ ತೋಟದಲ್ಲೇ ದುಡೀತಾರೆ, ನಾವಾಗಿ ಕೊಟ್ಟರೂ ತರಕಾರಿ ತಿನ್ನಲ್ಲ."

ಅತ್ತೆ ತಲೆಯೆತ್ತಿ ಅವರನ್ನು ನೋಡಿದಳು. ಫೋಟೋ ತೆಗೆಯುವವನು ಅವಸರ ಮಾಡಿದ. ಪ್ರಭುಸ್ವಾಮಿಯವರು ಇಳಿದು ಬಂದು ರಂಗೋಲಿಯಿಂದ ಒಂದು ಕ್ಯಾರೆಟ್ಟು ತೆಗೆದು, ಬೆರಳು ತಾಗದ ಹಾಗೆ ಅತ್ತೆಯ ಅಂಗೈಗೆ ಬಿಟ್ಟರು. ಮೇಡಂ ಪಕ್ಕದಲ್ಲಿ ನಿಂತರು. ಕ್ಲಿಕ್ಕಾಯಿತು.

"ಕೊಡಮ್ಮ ಅದನ್ನ. ಮಧ್ಯಾಹ್ನ ಬಂಡಳ್ಳೀಲಿ ಕಾರ್ಯಕ್ರಮ ಇದೆ, ಅಲ್ಲೂ ಇದೇ ಜೋಡಿಸಬೇಕು" ಎಂದು ಮೇಡಂ ಕೈ ಚಾಚಿದರು. ನಟರಾಜು ಆಗಲೇ ಕ್ರೇಟು ತಂದು ಒಂದು ಬದಿಯಿಂದ ತುಂಬತೊಡಗಿದ್ದ.

ಅತ್ತೆ ಕ್ಯಾರೆಟ್ಟನ್ನು ಬಾಯಿಗಿಟ್ಟು ಕಟಕ್ಕನೆ ಕಡಿದಳು.

"ಏಯ್! ಏನಮ್ಮ ಇದು!"

"ಕೊಟ್ರೂ ತಿನ್ನಲ್ಲ ಅಂದ್ರಲ್ಲ ಬುದ್ಧಿ. ಈಗ ಕೊಟ್ರಿ. ತಿಂತಾವ್ನಿ."

ಅಂದವಳು ಹುಣ್ಣಿನ ಕಾಲನ್ನು ಮುಂದಕ್ಕೆ ಚಾಚಿ ಹಸಿರು ಬಟ್ಟೆಯ ಮೇಲೇ ಕೂತುಬಿಟ್ಟಳು. ಟೊಮೇಟೊದ ಸುತ್ತು ಉರುಳಿ ಚದುರಿತು. ನಟರಾಜು ಬಂದು ರಟ್ಟೆ ಹಿಡಿದು ಎಳೆದ. "ಏಳ್ಲೇ, ದರಿದ್ರ ಮುಂಡೆ!" ನಾನು ಓಡಿ ಹೋಗಿ ಅವನ ಕೈಯನ್ನು ಕಚ್ಚಿದೆ. ಅವನು ಕೂಗಿಕೊಂಡು ರಟ್ಟೆ ಬಿಟ್ಟ. ಅಷ್ಟರಲ್ಲಿ ಚಿಕ್ಕನಿಂಗಮ್ಮ ಬಂದು ಅತ್ತೆಯ ಪಕ್ಕ ಕುಕ್ಕರಿಸಿ, ಹಲ್ಲಿಲ್ಲದ ವಸಡಿನಲ್ಲಿ ಟೊಮೇಟೊ ಹಿಸುಕಿ ಚೀಪತೊಡಗಿದಳು. ರಸ ಗಲ್ಲದಿಂದ ತೊಟ್ಟಿಕ್ಕಿತು. ಕುರ್ಚಿಗಳು ಸರಿದ ಸದ್ದು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಯಾರೂ ಮಡಿಲಿಗೆ ತುಂಬಿಕೊಳ್ಳಲಿಲ್ಲ. ಹಸಿಯಾಗಿಯೇ, ಅಲ್ಲೇ, ಅವರ ಕಣ್ಣೆದುರೇ ಜಗಿದೆವು.

ಮೇಡಂ ಗೋಡೆಗೆ ಒತ್ತಿ ನಿಂತು, "ಶಿಸ್ತಿಲ್ಲ, ಛೇ, ಒಂಚೂರೂ ಶಿಸ್ತಿಲ್ಲ" ಅನ್ನುತ್ತಿದ್ದರು.

ಪ್ರಭುಸ್ವಾಮಿಯವರ ಮುಖ ಕಪ್ಪಿಟ್ಟಿತು. ಮೈಕು ಮುಂದಿದೆ ಅನ್ನುವುದನ್ನೂ ಮರೆತು ಕಿರುಚಿದರು. "ನಾಳಿಂದ ನಿಮ್ಮಲ್ಲಿ ಒಬ್ಳಿಗೂ ಕೆಲ್ಸ ಇಲ್ಲ ಕಣ್ರೇ! ಒಬ್ಳೂ ನನ್ ತ್ವಾಟದ ಕಡೆ ತಲೆ ಆಕ್ಬಾರ್ದು! ಅದೇನ್ ತಿಂದು ಬದುಕ್ತೀರೋ ನಾನೂ ನೋಡ್ತೀನಿ!"

ಹೊರಗಿನ ಸ್ಪೀಕರಿನಲ್ಲಿ ಅದು ಊರಿಗೆಲ್ಲ ಕೇಳಿತು. ನಮ್ಮ ಬಾಯಿಗಳು ಒಂದು ಗಳಿಗೆ ನಿಂತವು. ಅತ್ತೆ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದಳು.

"ಆಗ್ಲಿ ಬುದ್ಧಿ" ಅಂದಳು. "ಆ ಮೂಲಂಗಿ ಒಸಿ ಇತ್ತಗ ತಳ್ಳಿ."

ಅವರು ತಳ್ಳಲಿಲ್ಲ. ಅತ್ತೆ ಕೈಯೂರಿ ಮುಂದಕ್ಕೆ ತೆವಳಿ ತಾನೇ ಎಳೆದುಕೊಂಡಳು. ಸೀರೆಗೆ ಒರೆಸಿ, ಎಲೆಯ ಕಡೆಯಿಂದ ಕಡಿಯತೊಡಗಿದಳು.