ಅಧಿಕ ಮಾಸದ ಅನುದಾನ

ಮಾರ್ಚ್ ತಿಂಗಳು ಬಂತೆಂದರೆ ಹುಮನಾಬಾದಿನ ಶಿಕ್ಷಣ ಕಚೇರಿಯಲ್ಲಿ ಯಾರಿಗೂ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ವರ್ಷವಿಡೀ ಕೊಡುತ್ತೇನೆ ಕೊಡುತ್ತೇನೆ ಎಂದು ಸತಾಯಿಸಿ, ಕೊಟ್ಟ ಮೇಲೆ ಯಾಕೆ ಇನ್ನೂ ಖರ್ಚು ಮಾಡಿಲ್ಲ ಎಂದು ಸರ್ಕಾರ ಕತ್ತಿನ ಮೇಲೆ ಕೂರುವ ತಿಂಗಳು ಅದು. ಎಂಬತ್ತಮೂರರಲ್ಲಂತೂ ಮೇಲಿನವರು ಇನ್ನೊಂದು ಫರ್ಮಾನು ಹೊರಡಿಸಿದ್ದರು: ಶಾಲಾ ಕಟ್ಟಡಗಳ ಕಡೆಯ ಕಂತಿನ ಬಿಲ್ಲು ಮೊದಲ ವಾರದಲ್ಲೇ ಖಜಾನೆಗೆ ಮುಟ್ಟಬೇಕು, ತಡವಾದರೆ ಇಡೀ ಅನುದಾನ ವಾಪಸ್.

ಆ ಕಚೇರಿಯಲ್ಲಿ ಹೆಣ್ಣುಮಕ್ಕಳ ಶಾಲೆಗಳ ಅನುದಾನ ನೋಡಿಕೊಳ್ಳುತ್ತಿದ್ದವರು ಶಕುಂತಲಾಬಾಯಿ. ಬಸವಕಲ್ಯಾಣದ ಹೆಣ್ಣುಮಗಳು, ಮಾತು ಖಡಕ್ಕು. ಕಣ್ಣಾರೆ ಕಾಣದ ಗೋಡೆಗೆ ಒಮ್ಮೆಯೂ ಸಹಿ ಹಾಕಿದವರಲ್ಲ. ಕಾಮಗಾರಿ ನೋಡಲು ಹೋದರೆ ಕಲ್ಲನ್ನು ಚಪ್ಪಲಿಯ ತುದಿಯಿಂದ ಒದ್ದು ನೋಡುತ್ತಿದ್ದರು. ಗುತ್ತಿಗೆದಾರರು ಅವರನ್ನು ಕಂಡು ಬೀಡಿ ಆರಿಸುತ್ತಿದ್ದುದು ಗೌರವಕ್ಕಲ್ಲ, ಅಂಜಿಕೆಗೆ. ಅಂಥ ಶಕುಂತಲಾಬಾಯಿಯವರ ಕೊರಳಿಗೆ ಆ ವರ್ಷ ಸುತ್ತಿಕೊಂಡದ್ದು ಕೊಡಂಬಲದ ಒಂದು ಕೋಣೆ.

ಕೊಡಂಬಲದಲ್ಲಿ ಹುಡುಗಿಯರು ಐದನೆಯ ಇಯತ್ತೆ ಮುಗಿಸಿದರೆ ಓದು ಮುಗಿಯಿತು ಎಂದೇ ಲೆಕ್ಕ. ಶಾಲೆ ನಡೆಯುತ್ತಿದ್ದುದು ಹನುಮಂತ ದೇವರ ಗುಡಿಯ ಪಡಸಾಲೆಯಲ್ಲಿ, ಅದರ ಆಚೆ ಕಟ್ಟೆಯ ಮೇಲೆ ಗಂಡಸರು ಇಸ್ಪೀಟು ಆಡುತ್ತಿದ್ದರು. ಬೆಳೆದ ಹುಡುಗಿಯನ್ನು ಅಲ್ಲಿ ಯಾವ ತಂದೆ ಕೂರಿಸಿಯಾನು? ಹಿಂದಿನ ವರ್ಷ ಶಕುಂತಲಾಬಾಯಿ ಮನೆಮನೆ ತಿರುಗಿ, ಹಿಂದೂ ಮುಸಲ್ಮಾನ ಎನ್ನದೆ ಪ್ರತಿ ಹೊಸ್ತಿಲಲ್ಲಿ ನಿಂತು, ನಾಲ್ಕು ಗೋಡೆಯ ಕೋಣೆ ಕಟ್ಟಿಸಿಕೊಡುತ್ತೇನೆ, ಏಳನೆಯ ಇಯತ್ತೆವರೆಗೆ ಕಳಿಸಿ ಎಂದು ಮಾತು ತೆಗೆದುಕೊಂಡಿದ್ದರು, ಮಾತು ಕೊಟ್ಟೂ ಇದ್ದರು. ಸರ್ಕಾರದ ಷರತ್ತು ಚೊಕ್ಕವಾಗಿತ್ತು. ಕಲ್ಲಿನ ಗೋಡೆ, ಮಾಳಿಗೆ, ಸರಳು ಹಾಕಿದ ಕಿಟಕಿ, ಬಾಗಿಲು ಎಲ್ಲ ಮುಗಿದಿರಬೇಕು, ಸಾಹೇಬರು ಬಂದು ನೋಡುವ ದಿನ ಹುಡುಗಿಯರು ಒಳಗೆ ಕೂತಿರಬೇಕು. ಆಗ ಹಣವೂ ಬಂತು, ಆರು ಏಳನೆಯ ಇಯತ್ತೆಗೆ ಮಂಜೂರಿಯೂ ಬಂತು. ಇಲ್ಲವಾದರೆ ಎರಡೂ ಹೋದವು, ಹುಡುಗಿಯರು ಹೊಲಕ್ಕೆ.

ಕೆಲಸ ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ಅಧಿಕ ಮಾಸ ಬಂತು. ಆ ವರ್ಷ ಫಾಲ್ಗುಣ ಎರಡು, ಮೊದಲನೆಯದು ಅಧಿಕ. ಮದುವೆ ಇಲ್ಲ, ಮುಂಜಿ ಇಲ್ಲ, ಬಾಗಿಲಿನ ಚೌಕಟ್ಟು ನಿಲ್ಲಿಸುವುದಂತೂ ಇಲ್ಲವೇ ಇಲ್ಲ.

"ಚೌಕಟ್ಟು ತಯಾರದ ಬಾಯಾರ. ನಮ್ಮ ಕೊಟ್ಟಿಗ್ಯಾಗ ಗೋಣಿಚೀಲ ಹೊದ್ದು ಮಲಗ್ಯಾದ," ಎಂದರು ಮಹಾರುದ್ರಪ್ಪ ಪಾಟೀಲರು. ಕೋಣೆಗೆ ಜಾಗ ಕೊಟ್ಟವರು ಅವರೇ, ಊರಿನ ವಂತಿಗೆ ಎತ್ತಿದವರೂ ಅವರೇ. ಎಪ್ಪತ್ತು ದಾಟಿದ ಮುದುಕ. "ಖರೆ, ಅಧಿಕ ಮುಗಿಯೋತನ ಅದನ್ನ ನಿಲ್ಲಸಾಂಗಿಲ್ಲ."

"ಸರ್ಕಾರಕ್ಕ ಅಧಿಕ ಗೊತ್ತಿಲ್ಲ ಪಾಟೀಲ್ರ. ಅದಕ್ಕ ಮಾರ್ಚ್ ಒಂದ ಗೊತ್ತು."

"ಗೊತ್ತಿಲ್ಲಂದ್ರ ನೀವು ತಿಳಿಸಿ ಹೇಳ್ರಿ."

ಶಕುಂತಲಾಬಾಯಿಗೆ ತಲೆ ಕಾಯಿತು. ಇದೆಲ್ಲ ಹಳೇ ಮಂದಿಯ ಹುಚ್ಚು, ಹೆಣ್ಣುಮಕ್ಕಳ ಓದಿಗಿಂತ ಪಂಚಾಂಗ ದೊಡ್ಡದಾಯಿತೇ ಎಂದು ನಾಲ್ಕು ಮಂದಿಯ ಎದುರು ಮುದುಕನನ್ನು ಜಾಡಿಸಿದರು. ಪಾಟೀಲರು ಸಿಟ್ಟಾಗಲಿಲ್ಲ.

"ಅಧಿಕದಾಗ ನಿಂತ ಬಾಗಲಾ ಮೊದಲ ಯಾರು ದಾಟ್ತಾರೋ ಅವರನ್ನ ಸಾವು ಬಿಡಂಗಿಲ್ಲ ಬಾಯಾರ. ಕೇಳಿದ ಮಾತಲ್ಲ, ಕಂಡ ಮಾತು. ನಮ್ಮಪ್ಪ ಹಟಾ ಹಿಡದು ನಿಲ್ಲಿಸಿದ. ನಮ್ಮ ತಂಗಿ ಸಣ್ಣಾಕಿ, ಹೊಸ ಬಾಗಲಾ ಅಂತ ಓಡಿ ಒಳಗ ಹೋದ್ಳು. ಆಕಿ ಮುಂದಿನ ಮಳಿಗಾಲ ನೋಡಲಿಲ್ಲ. ಇದು ಗಂಡಸರು ಕೂಡೋ ಚಾವಡಿ ಆಗಿದ್ರ ನಾನ ನಿಲ್ಲಸ್ರಿ ಅಂತಿದ್ದೆ. ಹುಡಿಗ್ಯಾರು ದಾಟೋದದ."

ಇಂಥ ಮಾತಿಗೆ ಯಾವ ಸುತ್ತೋಲೆಯಲ್ಲಿ ಉತ್ತರ ಇರುತ್ತದೆ? ಶಕುಂತಲಾಬಾಯಿ ಕೋಣೆ ಕಟ್ಟುತ್ತಿದ್ದ ಗವಂಡಿ ಇಸ್ಮಾಯಿಲನ ಕಡೆ ತಿರುಗಿದರು. ಅವನ ಅಪ್ಪನ ಕಾಲದಿಂದಲೂ ಪಾಟೀಲರ ಮನೆಯ ಕಲ್ಲಿನ ಕೆಲಸವೆಲ್ಲ ಅವನ ಮನೆಯವರದೇ. ಅವನ ಮಗಳು ವಹೀದಾ ಇದೇ ಶಾಲೆಯಲ್ಲಿ ಐದನೆಯ ಇಯತ್ತೆ.

"ನೀ ಆದ್ರೂ ನಿಲ್ಲಸೋ ಇಸ್ಮಾಯಿಲ. ನಿಮಗೇನು ಅಧಿಕ ಇಲ್ಲಲ್ಲ."

"ನಮಗಿಲ್ರಿ. ಖರೆ ಪಾಟೀಲ್ರಿಗೆ ಜುಬಾನ್ ಕೊಟ್ಟೀನಿ. ಅವರು ಹ್ಞೂಂ ಅನ್ನೋತನ ಬಾಗಲದ ತಂಟೆಕ್ಕ ಹೋಗಂಗಿಲ್ಲ."

ಆಗ ಸಿಟ್ಟಿನ ಭರದಲ್ಲಿ ಶಕುಂತಲಾಬಾಯಿ ಒಂದು ಮಾತು ಆಡಿದರು. "ಸಾಹೇಬ್ರು ಬಂದ ದಿನ ಒಂದು ಗೇಣು ಗೋಡಿ ಬಾಕಿ ಕಂಡ್ರ ನಾ ಸುಮ್ನ ಇರಾಕಿ ಅಲ್ಲ. ಗೋಡಿ ಪೂರಾ ಏರಿರಬೇಕು, ಮಾಳಗಿ ಮುಚ್ಚಿರಬೇಕು, ಹುಡಿಗ್ಯಾರು ಒಳಗ ಕುಂತು ಓದಾಕತ್ತಿರಬೇಕು. ಹ್ಯಾಂಗ ಮಾಡ್ತೀರೋ ಮಾಡ್ರಿ." ಹಾಗೆಂದು ಬಸ್ಸು ಹತ್ತಿದರು. ಇಷ್ಟು ಬೈದ ಮೇಲೆ ಬಾಗಿಲನ್ನು ಬೇರೆಯಾಗಿ ಹೇಳಬೇಕೇ, ತಾವೇ ತಿಳಿದುಕೊಳ್ಳುತ್ತಾರೆ ಎಂದುಕೊಂಡರು. ಆಮೇಲೆ ನಿರ್ಣಾ, ಮಂಠಾಳ ಎಂದು ಬೇರೆ ಊರುಗಳ ಕಾಮಗಾರಿ ನೋಡುವುದರಲ್ಲಿ ಕೊಡಂಬಲಕ್ಕೆ ಹೋಗಿ ಬರಲು ಅವರಿಗೆ ಪುರಸೊತ್ತೇ ಆಗಲಿಲ್ಲ.

ತಪಾಸಣೆಯ ದಿನ ಜಿಲ್ಲೆಯಿಂದ ಬಂದವರು ವೈಜನಾಥ ಸಾಹೇಬರು. ನಗುವಿಗೂ ಮಂಜೂರಿ ಬೇಕು ಎನ್ನುವಂಥ ಮನುಷ್ಯ. ಬೆಳಿಗ್ಗೆ ಬರಬೇಕಾದ ಜೀಪು ಹಾದಿಯಲ್ಲಿ ಕೆಟ್ಟು ನಿಂತು, ಕೊಡಂಬಲ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ. ಊರಿನ ಹೊರಗೆ ಹೊಸ ಕೋಣೆ ಸುಣ್ಣ ಬಳಿದುಕೊಂಡು ಬೆಳ್ಳಗೆ ನಿಂತಿತ್ತು. ಒಳಗಿನಿಂದ ಹುಡುಗಿಯರು ಮಗ್ಗಿ ಹೇಳುವ ದನಿ ಕೇಳುತ್ತಿತ್ತು. ಜೀಪಿನಲ್ಲೇ ಬಂದಿದ್ದ ಶಕುಂತಲಾಬಾಯಿಗೆ ಹೋದ ಜೀವ ಬಂದಂತಾಯಿತು.

ಸಾಹೇಬರು ಕೋಣೆಯನ್ನು ಒಂದು ಸುತ್ತು ಹಾಕಿದರು. ಮತ್ತೆ ಹೊರಟ ಜಾಗಕ್ಕೇ ಬಂದು ನಿಂತು ಕೇಳಿದರು, "ಬಾಯಾರ, ಬಾಗಲಾ ಎಲ್ಲಿ?"

ಬಾಗಿಲು ಇರಲಿಲ್ಲ. ನಾಲ್ಕೂ ಕಡೆ ಗೋಡೆ, ಒಂದು ಗೇಣೂ ಬಾಕಿ ಇಲ್ಲದ ಗೋಡೆ. ಎತ್ತರದಲ್ಲಿ ಸರಳು ಹಾಕಿದ ಎರಡು ಸಣ್ಣ ಕಿಟಕಿ. ಗೋಡೆಗೆ ಒಂದು ಏಣಿ ಆನಿಸಿತ್ತು. ಮಾಳಿಗೆಯ ಮೇಲೆ ದಪ್ಪ ಮೈಯ ಟೀಚರು ತಲೆಗೆ ಸೆರಗು ಹೊದ್ದು, ಸೂರಿನಲ್ಲಿ ಬಿಟ್ಟ ಬೆಳಕಿಂಡಿಯ ಪಕ್ಕ ಕೂತು, ಕೆಳಗಿದ್ದವರಿಗೆ ಮಗ್ಗಿ ಹೇಳಿಕೊಡುತ್ತಿದ್ದರು.

"ನೀವ ಹೇಳಿದ್ರಲ್ಲ ಬಾಯಾರ," ಎಂದರು ಪಾಟೀಲರು, ಮುಖದಲ್ಲಿ ಕೆಲಸ ಮಾಡಿ ಮುಗಿಸಿದ ಸಮಾಧಾನ. "ಬಾಗಲಕ್ಕಂತ ಬಿಟ್ಟ ಸಂದಿನೂ ಮುಚ್ಚಿಸಿದೆ. ಚೌಕಟ್ಟಿಲ್ಲದ ಸಂದಿ ಬಿಡೋದೂ ಛಲೋ ಅಲ್ಲ. ಅಧಿಕ ಮುಗೀಲಿ, ಒಡದು ನಿಲ್ಲಸ್ತೀವಿ. ಹುಡಿಗ್ಯಾರಿಗೆ ಬೆಳಕಿಂಡಿಲಿಂದ ಇಳಿಸೀವಿ."

ಶಕುಂತಲಾಬಾಯಿ ಯಾರನ್ನು ಬೈಯುವುದು? ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದರು.

"ಬಾಗಲಾ ಅದ ಅಂತ ಬರದ್ರ ನನ್ನ ನೌಕರಿ ಹೋಗ್ತದ," ಎಂದರು ವೈಜನಾಥ ಸಾಹೇಬರು. "ಇಲ್ಲ ಅಂತ ಬರದ್ರ ನಿಮ್ಮ ಕೋಣಿ ಹೋಗ್ತದ. ನಾ ಹೊತ್ತು ಮುಳುಗೋತನ ಇಲ್ಲೇ ಇರ್ತೀನಿ. ಅಷ್ಟರಾಗ ಬಾಗಲಾ ನಿಂತ್ರ ನಾಳೆ ಬಿಲ್ಲು ಖಜಾನಿಗಿ ಹೋಗ್ತದ. ಇಲ್ಲಂದ್ರ ನನ್ನ ಕೈಯಾಗೇನೂ ಇಲ್ಲ."

ಒಡೆದು ಚೌಕಟ್ಟು ನಿಲ್ಲಿಸಲು ಅಷ್ಟು ಹೊತ್ತು ಸಾಕು ಎಂದು ಇಸ್ಮಾಯಿಲನ ಕಣ್ಣೇ ಹೇಳುತ್ತಿತ್ತು. ಶಕುಂತಲಾಬಾಯಿ ಪಾಟೀಲರ ಮುಂದೆ ಕೈಜೋಡಿಸಿದರು. ಖಡಕ್ಕು ಮಾತಿನ ಹೆಣ್ಣುಮಗಳು ಆ ದಿನ ಬೇಡಿದಷ್ಟು ಯಾರನ್ನೂ ಬೇಡಿರಲಿಲ್ಲ. ಇಷ್ಟು ಮಾಡಿ ಇಲ್ಲಿ ಮುಗ್ಗರಿಸಬೇಡಿ, ಈ ಹುಡುಗಿಯರು ಮತ್ತೆ ಶಾಲೆಯ ಮುಖ ನೋಡುವುದಿಲ್ಲ ಎಂದರು. ಪಾಟೀಲರು ತಲೆ ಅಲ್ಲಾಡಿಸಿದರು.

"ಶಾಲಿ ಹೋದ್ರ ಹೋಗ್ಲಿ ಬಾಯಾರ. ಹುಡಿಗ್ಯಾರು ಉಳೀಲಿ."

ಮಾತು ಅಲ್ಲಿಗೇ ನಿಂತಿತು. ಹಾಗೆ ನಿಂತಾಗಲೇ ಶಕುಂತಲಾಬಾಯಿಗೆ ತಿಳಿದದ್ದು, ಒಳಗಿನ ಮಗ್ಗಿಯೂ ನಿಂತಿದೆ ಎಂದು. ಮರುಕ್ಷಣ ಒಳಗೆ ಹುಡುಗಿಯರು ಕಿರುಚಿಕೊಂಡರು. ಮಾಳಿಗೆಯ ಮೇಲಿದ್ದ ಟೀಚರು ಬೆಳಕಿಂಡಿಗೆ ಬಗ್ಗಿ ನೋಡಿ, "ವಹೀದಾ ಬಿದ್ಲು, ಮಾತಾಡವಲ್ಲಳು," ಎಂದು ಕೂಗಿದರು.

ಜೀಪು ಬೆಳಿಗ್ಗೆಯೇ ಬರುತ್ತದೆ ಎಂದು ಹೊತ್ತು ಮೂಡುವಾಗಲೇ ಹುಡುಗಿಯರನ್ನು ಇಳಿಸಿದ್ದರು. ಮೇಲೆ ಮಾಳಿಗೆಗೆ ಹಾಸಿದ ಕಾದ ಫರಸಿಕಲ್ಲು, ಸುತ್ತ ಹಸಿ ಸುಣ್ಣದ ಘಾಟು, ಗಾಳಿಗೆ ಎರಡು ಸಣ್ಣ ಕಿಟಕಿ. ಶಕುಂತಲಾಬಾಯಿ ಕಲ್ಲಿನ ಮೇಲೆ ಕಲ್ಲಿಟ್ಟು ಹತ್ತಿ ಕಿಟಕಿಯಿಂದ ಇಣುಕಿದರು. ವಹೀದಾ ನೆಲದ ಮೇಲೆ ಮೈಚೆಲ್ಲಿ ಬಿದ್ದಿದ್ದಳು, ತುಟಿ ಬಿಳಿಚಿತ್ತು. ಉಳಿದವರು ಬೆಳಕಿಂಡಿಯಿಂದ ಒಳಗೆ ಇಳಿಬಿಟ್ಟಿದ್ದ ಇನ್ನೊಂದು ಏಣಿಗೆ ಮುಗಿಬಿದ್ದು, ಒಬ್ಬರನ್ನೊಬ್ಬರು ಎಳೆದು, ಯಾರಿಗೂ ಮೇಲೆ ಬರಲಾಗುತ್ತಿರಲಿಲ್ಲ. ಪ್ರಜ್ಞೆ ಇಲ್ಲದ ಮಗುವನ್ನು ಆ ಬೆಳಕಿಂಡಿಯಿಂದ ಮೇಲೆತ್ತುವ ಮಾತೇ ಇರಲಿಲ್ಲ.

"ಒಡಿಯೋ ಇಸ್ಮಾಯಿಲ, ಗೋಡಿ ಒಡಿ," ಎಂದರು ಶಕುಂತಲಾಬಾಯಿ.

ಇಸ್ಮಾಯಿಲ ಆಗಲೇ ಹಾರೆ ಹಿಡಿದು ಓಡಿ ಬಂದಿದ್ದ. ಮುಚ್ಚಿದ ಬಾಗಿಲಿನ ಜಾಗಕ್ಕೆ ಹಾರೆ ಎತ್ತಿದವನು ಎತ್ತಿದಂತೆಯೇ ನಿಂತು ಪಾಟೀಲರ ಕಡೆ ನೋಡಿದ. ಒಳಗೆ ಬಿದ್ದವಳು ಅವನ ಮಗಳು, ಆದರೂ ಕೊಟ್ಟ ಮಾತಿಗೆ ಅಪ್ಪಣೆ ಕೇಳುತ್ತಿದ್ದ. ಆ ನೋಟವನ್ನು ಶಕುಂತಲಾಬಾಯಿಗೆ ನೋಡಲಾಗಲಿಲ್ಲ. ಪಾಟೀಲರಿಗೂ ಆಗಲಿಲ್ಲ.

"ನನ್ನ ಮಾರಿ ಏನ್ ನೋಡ್ತಿ," ಎಂದ ಮುದುಕ ರುಮಾಲು ಕಿತ್ತೆಸೆದು ಬಂದು, ಅವನ ಕೈಯ ಹಾರೆ ಕಸಿದು ತಾವೇ ಗೋಡೆಗೆ ಹೊಡೆದರು. ಮುದಿ ಕೈಯ ಏಟಿಗೆ ಸುಣ್ಣ ಉದುರಿತು, ಅಷ್ಟೆ. ಆದರೆ ಇಸ್ಮಾಯಿಲನಿಗೆ ಅಷ್ಟು ಸಾಕಾಗಿತ್ತು. ಹಾರೆಯನ್ನು ಮತ್ತೆ ಕೈಗೆ ತೆಗೆದುಕೊಂಡು, ತಾನೇ ಮೊನ್ನೆ ಇಟ್ಟ ಕಲ್ಲುಗಳನ್ನು ಒಂದೊಂದಾಗಿ ಸಡಿಲಿಸಿ ಕೆಡವಿದ. ಊರವರು ಕೈಯಿಂದಲೇ ಕಲ್ಲು ಎಳೆದರು. ಜೀಪಿನ ಡ್ರೈವರು ಎಳೆದ, ಇಸ್ತ್ರಿ ಅಂಗಿಯ ವೈಜನಾಥ ಸಾಹೇಬರೂ ಎಳೆದರು. ಆ ಸಂದಿಯಿಂದ ನುಸುಳಿ ಇಸ್ಮಾಯಿಲ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಹಿಂದೆಯೇ ಉಳಿದ ಹುಡುಗಿಯರೂ ಹೊರಬಿದ್ದರು.

ಬೇವಿನ ಮರದ ನೆರಳಲ್ಲಿ ಮಲಗಿಸಿ, ಮುಖಕ್ಕೆ ನೀರು ಹೊಡೆದು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಎಷ್ಟೋ ಹೊತ್ತಿನ ಮೇಲೆ ಹುಡುಗಿ ಕಣ್ಣು ತೆರೆದಳು. ಕಣ್ಣು ತೆರೆದವಳು ಮೊದಲು ಕೇಳಿದ್ದು, "ಸಾಹೇಬ್ರು ಹೋದ್ರೇನು?" ಎಂದು. ಶಕುಂತಲಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು, ಯಾರಿಂದಲೂ ಮುಚ್ಚಿಡಲಿಲ್ಲ. ತಮ್ಮ ಒಂದು ಬಿರುಮಾತು ಈ ಮಗುವನ್ನು ತಿಂದುಬಿಡುತ್ತಿತ್ತು. ಒಳಗೆ ಕೂತಿರಬೇಕು ಎಂದವರು ತಾವು, ಒಳಗೆ ಹೋಗುವುದು ಹೇಗೆ ಎಂದು ಯೋಚಿಸದವರೂ ತಾವೇ.

ಹೊತ್ತು ಇಳಿಯತೊಡಗಿತು. ಬೆಳ್ಳನೆಯ ಗೋಡೆಯಲ್ಲಿ ಈಗ ಒಡಕು ಬಾಯಿಯೊಂದು ತೆರೆದುಕೊಂಡಿತ್ತು. ಇನ್ನು ಪಾಟೀಲರನ್ನು ಬೇಡುವುದು ಶಕುಂತಲಾಬಾಯಿಗೆ ಬೇಡವಾಗಿತ್ತು. ಕೋಣೆ ಹೋಯಿತು ಎಂದೇ ಅವರು ಜೀಪಿನ ಕಡೆ ಹೊರಟರು.

"ತಡೀರಿ ಬಾಯಾರ," ಎಂದರು ಪಾಟೀಲರು. ಆಮೇಲೆ ಇಸ್ಮಾಯಿಲನ ಕಡೆಗೂ ಊರವರ ಕಡೆಗೂ ತಿರುಗಿ, "ಚೌಕಟ್ಟು ತರ್ರಿ ಹೋಗ್ರಿ. ಬಾಗಲಾನೂ ತರ್ರಿ."

ಗೋಣಿಚೀಲ ಸುತ್ತಿದ್ದ ಸಾಗವಾನಿ ಚೌಕಟ್ಟು ಬಂತು. ಊರ ಹೆಂಗಸರು ದೂರ ಸರಿದು ನಿಂತರು. ಅರಿಶಿನ ಕುಂಕುಮ ಹಚ್ಚಲು ಒಬ್ಬರೂ ಮುಂದೆ ಬರಲಿಲ್ಲ, ಪಾಟೀಲರು ಯಾರನ್ನೂ ಕರೆಯಲಿಲ್ಲ. ಇಸ್ಮಾಯಿಲ ಹೊರಗೇ ನಿಂತು ಚೌಕಟ್ಟು ನಿಲ್ಲಿಸಿ, ತೂಗುಗುಂಡು ಬಿಟ್ಟು ನೋಡಿ, ಎಡಬಲಕ್ಕೆ ಕಲ್ಲು ಮಣ್ಣು ಬಿಗಿದ. ಬಾಗಿಲು ಕೂರಿಸಿದ. ಬಿಸಿಲು ಕೆಂಪಾಗುವ ಹೊತ್ತಿಗೆ ಕೊಡಂಬಲದ ಹೆಣ್ಣುಮಕ್ಕಳ ಶಾಲೆಗೆ ಬಾಗಿಲು ಬಂದಿತ್ತು.

ಸಾಹೇಬರು ಪೆನ್ನಿನ ಟೋಪಿ ತೆಗೆದರು. "ಹುಡಿಗ್ಯಾರು ಒಳಗ ಕುಂತಿರಬೇಕು," ಎಂದರು. ದನಿ ಮೆತ್ತಗಾಗಿದ್ದರೂ ಷರತ್ತು ಷರತ್ತೇ.

ಹುಡುಗಿಯರು ಒಟ್ಟಾಗಿ ನಿಂತಿದ್ದರು. ಒಬ್ಬಳೂ ಹೆಜ್ಜೆ ಎತ್ತಲಿಲ್ಲ. ಮೊದಲು ದಾಟಿದವರ ಕತೆ ಊರಿನ ಪ್ರತಿ ಮಗುವಿಗೂ ಗೊತ್ತಿತ್ತು.

ಇದರಲ್ಲೇನಿದೆ, ನಾನೇ ದಾಟುತ್ತೇನೆ ಎಂದು ಶಕುಂತಲಾಬಾಯಿ ಮುಂದೆ ಹೋದರು. ಹೊಸ್ತಿಲ ಎದುರು ಬಂದಾಗ ಬಸವಕಲ್ಯಾಣದ ಮನೆಯಲ್ಲಿ ಬಾಣಂತನಕ್ಕೆ ಬಂದಿದ್ದ ಮಗಳು ನೆನಪಾದಳು. ಇಂದೋ ನಾಳೆಯೋ ಎನ್ನುವ ಬಸುರಿ, ತಾಯಿಯ ಕೈಯನ್ನೇ ನಂಬಿ ಬಂದವಳು. ಎಲ್ಲ ಸುಳ್ಳು ಎಂದು ತಮಗೆ ತಾವೇ ಹೇಳಿಕೊಂಡರು. ಹಳೇ ಮಂದಿಯ ಹುಚ್ಚು ಎಂದು ಇದೇ ಜಾಗದಲ್ಲಿ ನಿಂತು ಬೈದವರು ತಾವೇ ಅಲ್ಲವೇ? ಆದರೂ ಕಾಲು ಮೇಲೇಳಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು, ಕಾಲು ಮಾತ್ರ ನೆಲ ಬಿಡಲೊಲ್ಲದು.

"ಸರೀರಿ ಬಾಯಾರ. ನಿಮ್ಮ ಹಿಂದ ಮಂದಿ ಅದಾರ," ಎಂದರು ಪಾಟೀಲರು.

ಮುದುಕ ಜೋಡು ಕಳಚಿ ಪಕ್ಕಕ್ಕಿಟ್ಟರು. ಚೌಕಟ್ಟಿಗೆ ಕೈಯಾನಿಸಿ ಒಂದು ಗಳಿಗೆ ಕಣ್ಣು ಮುಚ್ಚಿದರು.  ನಂಬಿಕೆ ಒಂದು ಎಳೆಯಷ್ಟೂ ಅವರನ್ನು ಬಿಟ್ಟಿರಲಿಲ್ಲ, ಸಾವನ್ನೇ ದಾಟುತ್ತಿದ್ದೇನೆ ಎಂದೇ ತಿಳಿದು ಬಲಗಾಲು ಎತ್ತಿ ಒಳಗಿಟ್ಟರು. ಕೋಣೆಯ ನಡುವೆ ಹೋಗಿ ನಿಂತು, ಸುತ್ತ ಗೋಡೆ ನೋಡಿ, ಹೊರಗೆ ಕೈ ಚಾಚಿದರು.

"ಬರ್ರಿ, ಬಾಯಾರ. ಹುಡಿಗ್ಯಾರಿಗೂ ಕರೀರಿ. ಏನಿದ್ರೂ ಈಗ ನನಗ ಹತ್ತ್ಯಾದ."